ಸೈನು ಹಾಕದ ಅಕ್ಕ

(ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಮುಂದಿನ ಸಾಲಿನಲ್ಲಿ ಕೂತಿರುವ ಈ ಮೂವರಿಗೆ ಆಕೆ ಅವ್ವ. ನನಗೆ ಒಡಹುಟ್ಟಿದ ಅಕ್ಕ. ನಿಮ್ಮಲ್ಲಿ ಅನೇಕರಿಗೆ ದೊಡ್ಡಕ್ಕ. ಹೆಸರು ನಿಮಗೆಲ್ಲ ಗೊತ್ತು, ನಾನು ಹೇಳುವುದಿಲ್ಲ. ಈ ಮಾತು ನಾಳೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅಕ್ಕನ ಜೊತೆ ಜಗಳವಾಡಿದವರು, ರಾಜಿಯಾದವರು, ರಾಜಿಯಾಗದೆ ಉಳಿದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ.

ಅಕ್ಕನ ತಿಥಿ ಊಟಕ್ಕೆ ಬಂದವರ ಮಾತು ಕೇಳಿ ನನಗೆ ಸೋಜಿಗವಾಯಿತು. 'ಎಂಥಾ ಸಹನೆ, ಭೂಮಿತಾಯಿ ಇದ್ದ ಹಾಗಿದ್ದಳು' ಎಂದರು ಒಬ್ಬರು. 'ತ್ಯಾಗಮಯಿ' ಎಂದರು ಇನ್ನೊಬ್ಬರು. ಇದೇ ಬಾಯಿಗಳು ಮೂವತ್ತು ನಲವತ್ತು ವರ್ಷ ಅವಳನ್ನು ಹಟಮಾರಿ, ಗಂಡುಬೀರಿ, ತವರು ಒಡೆದವಳು ಎಂದು ಕರೆದಿದ್ದವು. ಹೆಣ್ಣು ಬದುಕಿರುವಾಗ ಅವಳ ಹಟವನ್ನು ಮುರಿಯಲು ಆಗದಿದ್ದರೆ, ಸತ್ತ ಮೇಲೆ ಅದಕ್ಕೆ ಸಹನೆ ಎಂದು ಹೆಸರಿಟ್ಟು ಮುಗಿಸಿಬಿಡುತ್ತಾರೆ. ಆದ್ದರಿಂದ ನಾನು ಇವತ್ತು ಅವಳ ಹಟದ ಬಗ್ಗೆಯೇ ಮಾತಾಡುತ್ತೇನೆ.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ನಾಲ್ಕು ಮಕ್ಕಳಲ್ಲಿ ಅಕ್ಕ ಮೊದಲನೆಯವಳು, 1950ರಲ್ಲಿ ಹುಟ್ಟಿದವಳು. ನಡುವೆ ಇಬ್ಬರು ಅಣ್ಣಂದಿರು, ಕೊನೆಗೆ ನಾನು. ನಮ್ಮ ಸೀಮೆಯ ಮನೆಗಳಲ್ಲಿ ಅಟ್ಟ ಎಂದರೆ ಬ್ಯಾಂಕು ಎನ್ನುವುದು ನಿಮಗೆ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗಲು ಒಂಬತ್ತು ಹತ್ತು ತಿಂಗಳು, ಕೆಲವೊಮ್ಮೆ ವರ್ಷ. ಅಕ್ಕ ಹತ್ತು ವರ್ಷದವಳಿದ್ದಾಗಲೇ ಅಟ್ಟ ಹತ್ತಿ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, 'ಇದು ಬಿಟ್ಟೈತೆ, ಇದು ಇನ್ನೂ ಬಿಟ್ಟಿಲ್ಲ' ಎಂದು ಹೇಳುತ್ತಿದ್ದಳು. ಅಪ್ಪ ಕೊಬ್ಬರಿ ಇಳಿಸುವ ದಿನ ಅವಳನ್ನೇ ಕೂಗುತ್ತಿದ್ದರು. ತಿಪಟೂರು ಮಾರುಕಟ್ಟೆಗೆ ಚೀಲ ಹೋಗುವಾಗ ಲೆಕ್ಕ ಬರೆಯುತ್ತಿದ್ದವಳೂ ಅವಳೇ. ಆದರೆ ಗಾಡಿಯ ಮೇಲೆ ಕೂತು ಹೋಗುತ್ತಿದ್ದವರು ಅಣ್ಣಂದಿರು.

ಏಳನೇ ಕ್ಲಾಸಿಗೆ ಅವಳ ಓದು ನಿಂತಿತು. ಮೈನೆರೆದಳು, ನಿಂತಿತು, ಅಷ್ಟೆ. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ನಡೆದದ್ದಿಲ್ಲ. ನನ್ನ ಸರದಿ ಬಂದಾಗ ಮಾತ್ರ ನಡೆಯಿತು. ಆಗ ಅಕ್ಕನಿಗೆ ಮದುವೆಯಾಗಿ ಎರಡು ವರ್ಷ. ಗೌರಿ ಹಬ್ಬಕ್ಕೆ ಬಂದವಳು ಅಪ್ಪನ ಎದುರು ನಿಂತು, 'ಇವಳನ್ನ ಬಿಡಿಸಿದ್ರೆ ನಾನು ಈ ಮನೇಲಿ ಊಟ ಮಾಡಲ್ಲ' ಎಂದಳು. ಎರಡು ದಿನ ಮಾಡಲೂ ಇಲ್ಲ. ಹಬ್ಬದ ಮನೆಯಲ್ಲಿ ಮಗಳು ಉಪವಾಸ. ಅಮ್ಮ ಅತ್ತು, ಅಪ್ಪ ಬೈದು, ಮೂರನೇ ದಿನ ನನ್ನನ್ನು ಹೈಸ್ಕೂಲಿಗೆ ಸೇರಿಸಿದರು. ಮೈಸೂರಿನಲ್ಲಿ ಎಂ.ಎ. ಮಾಡಿ ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದದ್ದು ಆ ಎರಡು ದಿನದ ಉಪವಾಸದಿಂದ.

ಅವಳ ಮದುವೆ 1968ರಲ್ಲಿ, ಚಿಕ್ಕನಾಯಕನಹಳ್ಳಿ ಕಡೆಯ ಊರಿಗೆ. ಆಗ 'ವರದಕ್ಷಿಣೆ' ಎಂಬ ಪದವನ್ನು ಯಾರೂ ಬಳಸುತ್ತಿರಲಿಲ್ಲ. 'ವರೋಪಚಾರ' ಎನ್ನುತ್ತಿದ್ದರು. ಒಂದು ಕೈಗಡಿಯಾರ, ಒಂದು ಸೈಕಲ್ಲು, ಒಂದು ಉಂಗುರ. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿತ್ತು, ಅದು ನಮ್ಮ ಊರಿನ ಚಪ್ಪರದವರೆಗೆ ಬರಲಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಇದು ನಮ್ಮ ಹಳೇ ಸಂಪ್ರದಾಯ ಎಂದು ಹೇಳುವವರನ್ನು ನಂಬಬೇಡಿ. ನಮ್ಮ ಅಜ್ಜಿಯರ ಕಾಲದಲ್ಲಿ ಈ ಸೀಮೆಯ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ತೆರವೂ ಹೆಣ್ಣಿನ ಕೈಗೆ ಸೇರುತ್ತಿರಲಿಲ್ಲ, ಅಪ್ಪನ ಕೈಗೆ ಸೇರುತ್ತಿತ್ತು. ಅದನ್ನು ಹೊಗಳಬೇಕಾಗಿಲ್ಲ. ಆದರೆ ಓದಿದ ಗಂಡು, ಸಂಬಳದ ಗಂಡು ಬಂದ ಹಾಗೆ ತೆರ ಹೋಗಿ ವರದಕ್ಷಿಣೆ ಬಂತು ಎಂಬುದನ್ನು ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1980ರ ದಶಕದಲ್ಲೇ ಬರೆದಿದ್ದಾರೆ. ಅಜ್ಜಿಯ ಕಾಲದಲ್ಲಿ ಇಲ್ಲದ್ದು ಮೊಮ್ಮಗಳ ಕಾಲದಲ್ಲಿ ಇಲ್ಲದಂತೆ ಮಾಡಲೂ ಆಗುತ್ತದೆ.

ಅಕ್ಕನಿಗೆ ಮೊದಲ ಪೆಟ್ಟು ಬಿದ್ದದ್ದು ಒಂದು ಟ್ರಾನ್ಸಿಸ್ಟರ್ ರೇಡಿಯೋಗೆ. ಮಾತುಕತೆಯಲ್ಲಿ ಯಾರೋ ದೊಡ್ಡವರು 'ದೀಪಾವಳಿಗೆ ಒಂದು ರೇಡಿಯೋ ಕೊಡೋಣ ಬಿಡಿ' ಎಂದಿದ್ದರಂತೆ. ಅಪ್ಪನಿಗೆ ನೆನಪೇ ಇರಲಿಲ್ಲ. ದೀಪಾವಳಿಗೆ ರೇಡಿಯೋ ಬರಲಿಲ್ಲ. ಅಕ್ಕ ತವರಿಗೆ ಬಂದಳು, ಅಪ್ಪ ಸಮಾಧಾನ ಹೇಳಿ ವಾಪಸ್ ಬಿಟ್ಟುಬಂದರು. ಮತ್ತೆ ಬಂದಳು, ಮತ್ತೆ ಬಿಟ್ಟುಬಂದರು. ಮೂರನೇ ಸಲ ಬಂದಾಗ ಸೋದರಮಾವ ಜಗುಲಿಯ ಮೇಲೆ ಕೂತು, 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣವ್ವ' ಎಂದರು. ನಾನು ಚಿಕ್ಕವಳು, ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಅಕ್ಕ ಅಳಲಿಲ್ಲ. 'ಹಂಗಾದ್ರೆ ನನ್ನನ್ನ ಕೊಡೋಕೆ ಮುಂಚೆ ಕೇಳ್ಬೇಕಿತ್ತು. ನಾನೇನು ಚೀಲದ ಕೊಬ್ಬರಿನಾ, ತೂಕ ಆದ್ಮೇಲೆ ವಾಪಸ್ ಇಲ್ಲ ಅನ್ನೋಕೆ?' ಎಂದಳು.

ಆ ಸಲವೂ ಅವಳು ವಾಪಸ್ ಹೋದಳು. ಇದನ್ನು ಮುಚ್ಚಿಟ್ಟು ಅವಳನ್ನು ವೀರಮಾತೆ ಮಾಡಲು ನನಗೆ ಇಷ್ಟವಿಲ್ಲ. ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗಿ, ಏಳನೇ ಕ್ಲಾಸು, ಕೈಯಲ್ಲಿ ಒಂದು ಕಾಸಿಲ್ಲ. ಇನ್ನೆಲ್ಲಿಗೆ ಹೋಗಬೇಕಿತ್ತು? ನಾನು ಎಷ್ಟೋ ವಿಚಾರ ಸಂಕಿರಣಗಳಲ್ಲಿ ಕೂತಿದ್ದೇನೆ. 'ಹೆಂಗಸರು ಯಾಕೆ ಸಹಿಸಿಕೊಳ್ಳುತ್ತಾರೆ' ಎಂದು ಅಲ್ಲಿ ದೊಡ್ಡ ದೊಡ್ಡ ಚರ್ಚೆಗಳಾಗುತ್ತವೆ. ಅಕ್ಕ ಇದಕ್ಕೆ ಒಂದೇ ಮಾತಲ್ಲಿ ಉತ್ತರ ಹೇಳುತ್ತಿದ್ದಳು: 'ಬಸ್ಸಿನ ಚಾರ್ಜು ಇದ್ದು, ಇಳಿದ ಊರಲ್ಲಿ ಒಂದು ಬಾಗಿಲು ತೆರೆದಿದ್ರೆ ಯಾರೂ ಸಹಿಸ್ಕೊಳ್ಳಲ್ಲ ಕಣೇ.' ಆಮೇಲಿನ ಅವಳ ಬದುಕೆಲ್ಲ ಈ ಎರಡನ್ನು ಸಂಪಾದಿಸುವುದರಲ್ಲೇ ಕಳೆಯಿತು. ಬಸ್ಸಿನ ಚಾರ್ಜು, ತೆರೆದ ಬಾಗಿಲು.

ಭಾವನವರ ಕೈ ಎತ್ತುವ ಚಾಳಿ ವರ್ಷಗಳು ಕಳೆದಂತೆ ಕಡಿಮೆಯಾಯಿತು. ವಯಸ್ಸಾಯಿತು, ಸಕ್ಕರೆ ಕಾಯಿಲೆ ಬಂತು, ಮೆತ್ತಗಾದರು. 2009ರಲ್ಲಿ ತೀರಿಕೊಂಡರು. ಕೊನೆಯವರೆಗೂ ಅಕ್ಕ ಅವರಿಗೆ ಮುದ್ದೆ ಮಾಡಿ ಹಾಕಿದಳು, ಕಾಲು ಒತ್ತಿದಳು. ಕ್ಷಮಿಸಿದ್ದೀನಿ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ.

ಈಗ ಸೈನಿನ ವಿಷಯಕ್ಕೆ ಬರುತ್ತೇನೆ. ಅಪ್ಪ 1987ರಲ್ಲಿ ಹೋದರು. ಮರುವರ್ಷ ಅಣ್ಣಂದಿರು ಭಾಗ ಮಾಡಿಕೊಳ್ಳಲು ಹೊರಟರು. ನಿಮ್ಮಲ್ಲಿ ಬಹಳ ಜನ ಈ ದೃಶ್ಯ ಕಂಡಿದ್ದೀರಿ. ತಟ್ಟೆಯಲ್ಲಿ ಸೀರೆ, ಕುಪ್ಪಸದ ಕಣ, ಅರಿಶಿನ ಕುಂಕುಮ, ಎಲೆ ಅಡಿಕೆ, ಅದರ ಅಡಿಯಲ್ಲಿ ಛಾಪಾ ಕಾಗದ. ಹಕ್ಕು ಬಿಡುಗಡೆ ಪತ್ರ. 'ಇಲ್ಲೊಂದು ಸೈನು ಹಾಕಕ್ಕ, ಸುಮ್ನೆ ಫಾರ್ಮಾಲಿಟಿ' ಎಂದ ದೊಡ್ಡಣ್ಣ. ಅಕ್ಕ ಕುಂಕುಮ ಹಚ್ಚಿಕೊಂಡಳು. ಸೀರೆ ಮಡಿಲಿಗೆ ತೆಗೆದುಕೊಂಡಳು. ಕಾಗದವನ್ನು ತಟ್ಟೆಯಲ್ಲೇ ಬಿಟ್ಟಳು.

'ಸೀರೆ ತಂದಿದ್ದು ಸಂತೋಷ ಕಣಪ್ಪ, ಉಟ್ಕೋತೀನಿ. ಸೈನು ಹಾಕಲ್ಲ.'

'ನಿನ್ನ ಮದ್ವೆಗೆ ಖರ್ಚು ಮಾಡಿಲ್ವೇನಕ್ಕ? ವಾಚು ಕೊಡ್ಲಿಲ್ವಾ, ಸೈಕಲ್ಲು ಕೊಡ್ಲಿಲ್ವಾ? ಅದೇ ನಿನ್ನ ಪಾಲು.'

'ವಾಚು ಯಾರ ಕೈಲೈತೆ? ಸೈಕಲ್ಲು ತುಳಿದೋರು ಯಾರು? ಅವರಿಗೆ ಕೊಟ್ಟಿದ್ದನ್ನ ಅವರ ಹತ್ರ ಕೇಳ್ರಪ್ಪ. ನಂದು ನಾನು ಕೇಳ್ತೀನಿ.'

ಗೆಳತಿಯರೇ, ವರದಕ್ಷಿಣೆಯ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕಿಂತ ಸ್ಪಷ್ಟವಾದ ಮಾತು ನನಗೆ ಸಿಕ್ಕಿಲ್ಲ. ಮಗಳಿಗೆ ಕೊಟ್ಟೆವು ಎನ್ನುತ್ತಾರೆ. ಕೊಟ್ಟದ್ದು ಅಳಿಯನಿಗೆ, ಅಳಿಯನ ಮನೆಗೆ. ವರದಕ್ಷಿಣೆ ಕಾಯ್ದೆಯ 6ನೇ ಕಲಮಿನ ಪ್ರಕಾರ, ಬೇರೆಯವರು ಪಡೆದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಆ ಹೆಣ್ಣಿಗೇ ಒಪ್ಪಿಸಬೇಕು. ಎಷ್ಟು ಮನೆಗಳಲ್ಲಿ ಒಪ್ಪಿಸಿದ್ದಾರೆ? ಅದೇ ಪಹಣಿಯಲ್ಲಿ ಅವಳ ಹೆಸರು ಬಂದರೆ ಅದನ್ನು ಅತ್ತೆಯ ಬೀರುವಿನಲ್ಲಿ ಇಡಲು ಆಗುವುದಿಲ್ಲ.

ಆಗಿನ ಕಾನೂನು ಅಕ್ಕನಿಗೆ ಹೆಚ್ಚೇನೂ ಕೊಟ್ಟಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಒಂದು ಕಾಯ್ದೆ ಮಾಡಿದ್ದರು, 1956ರಲ್ಲಿ ದೇಶಕ್ಕೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಆದರೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳು ಹುಟ್ಟಿನಿಂದಲೇ ಪಾಲುದಾರರು, ಹೆಣ್ಣುಮಕ್ಕಳಿಗೆ ಸಿಗುತ್ತಿದ್ದದ್ದು ಅಪ್ಪನ ಪಾಲಿನಲ್ಲಿ ಒಂದು ಚೂರು. ವಕೀಲರು ಲೆಕ್ಕ ಹಾಕಿದರು. ತೋಟವನ್ನು ಅಪ್ಪನಿಗೂ ಇಬ್ಬರು ಗಂಡುಮಕ್ಕಳಿಗೂ ಮೂರು ಭಾಗ ಮಾಡಿ, ಅಪ್ಪನ ಒಂದು ಭಾಗವನ್ನು ಅಮ್ಮನೂ ಸೇರಿ ಐವರಿಗೆ ಹಂಚಿದರೆ, ಮೂರು ಎಕರೆಯಲ್ಲಿ ಅಕ್ಕನಿಗೆ ಎಂಟು ಗುಂಟೆ. ನನಗೂ ಎಂಟು ಗುಂಟೆ. ಎಂಟು ಗುಂಟೆಯಲ್ಲಿ ಹತ್ತು ಮರ.

'ಹತ್ತು ಮರಕ್ಕೆ ಇಷ್ಟು ರಂಪನಾ?' ಎಂದು ಊರೆಲ್ಲ ನಕ್ಕಿತು. ನೀರಿದ್ದ ವರ್ಷ ಮರಕ್ಕೆ ಎಂಬತ್ತು ಕಾಯಿ ಎಂದರೂ ಎಂಟುನೂರು ಕಾಯಿ. ಕೊಬ್ಬರಿ ಮಾಡಿದರೆ ಒಂದು ಕ್ವಿಂಟಾಲು, ಅದರ ಮೇಲೆ ಸ್ವಲ್ಪ. ಅಕ್ಕ ನಗುವವರಿಗೆ ಉತ್ತರ ಕೊಡಲಿಲ್ಲ. 'ಕೇಸು ಹಾಕಲ್ಲ, ಬೈಯಲ್ಲ. ಅಳೀರಿ. ಅಳೆಯೋತನಕ ಸೈನಿಲ್ಲ' ಎಂದು ಕೂತಳು. ಎರಡು ವರ್ಷ ಕೂತಳು. ಅವಳ ಸೈನು ಇಲ್ಲದೆ ಭಾಗಪತ್ರ ರಿಜಿಸ್ಟರ್ ಆಗುವಂತಿರಲಿಲ್ಲ, ಭಾಗಪತ್ರವಿಲ್ಲದೆ ಅಣ್ಣಂದಿರಿಗೆ ಪಂಪುಸೆಟ್ಟಿನ ಸಾಲ ಸಿಗುವಂತಿರಲಿಲ್ಲ. ಕೊನೆಗೆ ಅಳೆದರು. ತೋಟದ ಮೂಲೆಯಲ್ಲಿ, ನೀರು ಹತ್ತದ ಕಡೆ ಕೊಟ್ಟರು ಅನ್ನಿ. ನನ್ನ ಎಂಟು ಗುಂಟೆಯನ್ನು ಅವಳದರ ಪಕ್ಕದಲ್ಲೇ ಅಳೆಸಿಕೊಂಡೆ.

ಇದರ ಬೆಲೆ ಏನು ಎಂಬುದನ್ನೂ ಹೇಳಬೇಕು. ಪಾಲು ಕೇಳಿ ಎಂದು ಭಾಷಣ ಮಾಡುವ ನಮ್ಮಂಥವರು ಇದನ್ನು ಹೇಳದೆ ಬಿಡುತ್ತೇವೆ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ ನಮ್ಮ ಕಡೆಯ ಹೆಣ್ಣಿಗೆ ಏನು ಎಂದು ನಿಮಗೆ ಗೊತ್ತು. ಮುದುಕಿಯಾದರೂ ಬಾಗಿಲ ಕಡೆ ನೋಡುತ್ತಾಳೆ. ಹೆಣ್ಣುಮಕ್ಕಳು ಸೈನು ಹಾಕುವುದು ಕಾನೂನು ಗೊತ್ತಿಲ್ಲದೆ ಅಲ್ಲ. ಹತ್ತು ಮರ ಕೇಳಿದರೆ ಬಾಗಿನ ನಿಲ್ಲುತ್ತದೆ, ನಾಳೆ ಗಂಡ ಹೊಡೆದರೆ ಹೋಗಿ ನಿಲ್ಲಲು ಅಣ್ಣನ ಮನೆ ಇರುವುದಿಲ್ಲ ಎಂಬ ಭಯದಿಂದ ಹಾಕುತ್ತಾರೆ. ಅಕ್ಕನಿಗೆ ದೊಡ್ಡಣ್ಣನ ಬಾಗಿನ ಒಂಬತ್ತು ವರ್ಷ ನಿಂತಿತು. ಒಂಬತ್ತು ಗೌರಿ ಹಬ್ಬ. ಪ್ರತಿ ಹಬ್ಬಕ್ಕೂ ಅಕ್ಕ ತನ್ನ ಮರದ ಎರಡು ಕಾಯಿ, ಒಂದು ರವಿಕೆ ಕಣ ತೆಗೆದುಕೊಂಡು ಅಣ್ಣನ ಮನೆಗೆ ಹೋಗಿ ಅತ್ತಿಗೆಗೆ ಕೊಟ್ಟು, ಅವರು ಕಾಫಿ ಕೊಟ್ಟರೆ ಕುಡಿದು, ಕೊಡದಿದ್ದರೆ ಹಾಗೆಯೇ ಬರುತ್ತಿದ್ದಳು. ಹತ್ತನೇ ವರ್ಷ ಅಣ್ಣ ತಾನೇ ಮೊರದ ಬಾಗಿನ ಹಿಡಿದು ಬಂದ. ಯಾಕೆ ಬಂದ ಎಂದು ನಾನು ಬಲ್ಲೆ. ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ಬಿದ್ದಿತ್ತು, ಕಾಯಿ ಸಣ್ಣಗಾಗಿ ಸಿಪ್ಪೆ ಸುಕ್ಕುಗಟ್ಟಿ ಉದುರುತ್ತಿದ್ದವು, ಅವನ ಕೈ ಖಾಲಿಯಾಗಿತ್ತು. ಅಕ್ಕನ ಹತ್ತಿರ ಸಾಲ ಬೇಕಿತ್ತು. ಅಕ್ಕ ಸಾಲ ಕೊಟ್ಟಳು, ಕಿರ್ದಿ ಪುಸ್ತಕದಲ್ಲಿ ಬರೆದುಕೊಂಡಳು, ಅವನ ಸೈನು ಹಾಕಿಸಿಕೊಂಡಳು. ಚಿಕ್ಕಣ್ಣನ ಜೊತೆ ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ.

ಅಷ್ಟು ಹೊತ್ತಿಗೆ ಆ ಹತ್ತು ಮರ ಏನು ಮಾಡಿದ್ದವು ಎಂಬುದನ್ನು ಹೇಳುತ್ತೇನೆ. ಅಕ್ಕನ ದೊಡ್ಡ ಮಗಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಇಲ್ಲೇ ಕೂತಿದ್ದಾಳೆ.

ಅವಳ ಮದುವೆ 1991ರಲ್ಲಿ, ಪಕ್ಕದ ಜಿಲ್ಲೆಯ ಒಂದು ಊರಿಗೆ. ಕೊಡುವುದು ಬಿಡುವುದನ್ನೆಲ್ಲ ಭಾವ ಮತ್ತು ಅವರ ಅಣ್ಣತಮ್ಮಂದಿರು ಮಾತಾಡಿ ಮುಗಿಸಿದ್ದರು. ಅಕ್ಕನಿಗೆ ಅದನ್ನು ತಪ್ಪಿಸಲು ಆಗಲಿಲ್ಲ. ಅವಳು ಮಾಡಿದ್ದು ಒಂದು ಕೆಲಸ. ಕೆಂಪು ಬಟ್ಟೆಯ ಕಿರ್ದಿ ಪುಸ್ತಕದ ಒಂದು ಹಾಳೆಯಲ್ಲಿ ಕೊಟ್ಟದ್ದನ್ನೆಲ್ಲ ಬರೆದಳು. ಸರ ಎಷ್ಟು ಗ್ರಾಂ, ಓಲೆ ಎಷ್ಟು ಗ್ರಾಂ, ಯಾವ ಅಂಗಡಿ, ಹಿತ್ತಾಳೆ ಹಂಡೆ, ಕೊಳಗ, ನಗದು ಎಷ್ಟು, ಯಾರ ಕೈಗೆ. ಕೆಳಗೆ ಗಂಡಿನ ಅಪ್ಪನ ಸೈನು, ಇಬ್ಬರು ಸಾಕ್ಷಿ. 'ಇದೇನಮ್ಮ ವ್ಯಾಪಾರ ಇದ್ದಂಗೆ' ಎಂದು ಬೀಗರು ಮುಖ ಸಿಂಡರಿಸಿದರಂತೆ. 'ವ್ಯಾಪಾರ ನೀವು ಶುರು ಮಾಡಿದ್ರಿ ಬೀಗರೇ, ನಾನು ರಸೀದಿ ಬರೀತಿದ್ದೀನಿ' ಎಂದಳಂತೆ. ಉಡುಗೊರೆಗಳ ಪಟ್ಟಿ ಇಡಬೇಕು ಎಂದು 1985ರ ನಿಯಮ ಒಂದಿದೆ. ಅಕ್ಕನಿಗೆ ಅದು ಗೊತ್ತಿರಲಿಲ್ಲ, ಮಂಡಿಯ ಲೆಕ್ಕ ಗೊತ್ತಿತ್ತು.

ಎರಡು ವರ್ಷಕ್ಕೆ ಕೊಬ್ಬರಿ ಮಂಡಿ ಹಾಕಲು ಐವತ್ತು ಸಾವಿರ ತಾ ಎಂಬ ಕಾಟ ಶುರುವಾಯಿತು. ಹೊಡೆತ, ಊಟ ಹಾಕದೆ ಕೋಣೆಯಲ್ಲಿ ಕೂಡುವುದು. ಹುಡುಗಿ ಐದು ತಿಂಗಳ ಬಸುರಿ. ಪಕ್ಕದ ಮನೆಯ ಪುಣ್ಯಾತಗಿತ್ತಿ ಒಬ್ಬಳು ಕೊಬ್ಬರಿ ಲಾರಿಯ ಡ್ರೈವರ್ ಕೈಲಿ ಅಕ್ಕನಿಗೆ ಸುದ್ದಿ ಕಳಿಸಿದಳು. ಅಕ್ಕ ಗಂಡನನ್ನು ಕೇಳಲಿಲ್ಲ, ನನಗೂ ಹೇಳಲಿಲ್ಲ. ಆ ವರ್ಷದ ಕೊಬ್ಬರಿ ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲನೇ ಬಸ್ಸಿಗೆ ಹೋದಳು. ಅಲ್ಲಿ ಜಗಳವಾಡಲಿಲ್ಲ. 'ಮಗಳಿಗೆ ಬಯಕೆ ಊಟ ಹಾಕ್ಬೇಕು, ಎರಡು ದಿನಕ್ಕೆ ಕರ್ಕೊಂಡು ಹೋಗ್ತೀನಿ' ಎಂದು ನಗುನಗುತ್ತಾ ಹೇಳಿ, ಉಟ್ಟ ಬಟ್ಟೆಯಲ್ಲೇ ಕರೆದುಕೊಂಡು ಬಂದಳು. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಮನೆಯಲ್ಲಿ ಭಾವ ಕೂಗಾಡಿದರು. ಬಂಧುಗಳು 'ಗಂಡ ಹೆಂಡಿರ ಜಗಳ ಉಂಡು ಮಲಗೋತನಕ' ಎಂದು ಗಾದೆ ಹೇಳಿದರು. ಅಕ್ಕ, 'ಉಣ್ಣೋಕೇ ಹಾಕಲಿಲ್ವಲ್ಲ, ಇನ್ನು ಮಲಗೋದೆಲ್ಲಿ ಬಂತು' ಎಂದಳು. ಪೊಲೀಸ್ ಠಾಣೆಯೊಂದಕ್ಕೆ ಹೋದಾಗ, ಬಸುರಿ ಹುಡುಗಿಯನ್ನು ಬೆಂಚಿನ ಮೇಲೆ ಸಂಜೆಯವರೆಗೆ ಕೂರಿಸಿ, ರಾಜಿ ಮಾಡಿಕೊಳ್ಳಿ ಎಂದು ಕಳಿಸಿದರು. 498ಎ ಕಲಂ ಬಂದು ಆಗಲೇ ಹತ್ತು ವರ್ಷವಾಗಿತ್ತು. ಪಂಚಾಯ್ತಿ ಸೇರಿತು. ಹುಡುಗಿಯನ್ನು ಕಳಿಸಿ ಎಂದರು. ಅಕ್ಕ ಕಿರ್ದಿ ಪುಸ್ತಕ ತೆರೆದು ಆ ಹಾಳೆಯನ್ನು ಜೋರಾಗಿ ಓದಿದಳು. 'ಇವಿಷ್ಟು ವಾಪಸ್ ಬರಲಿ, ಆಮೇಲೆ ಮಾತು' ಎಂದಳು. ಸಾಮಾನು ಬಂತು. ಸರ ಬಂತು. ಓಲೆ ಬರಲಿಲ್ಲ, ನಗದೂ ಪೂರ್ತಿ ಬರಲಿಲ್ಲ. ಹುಡುಗಿ ಹೋಗಲಿಲ್ಲ. ಜೀವನಾಂಶಕ್ಕೆ ಹಾಕಿದೆವು. ಆಗ 125ನೇ ಕಲಮಿನಲ್ಲಿ ತಿಂಗಳಿಗೆ ಐನೂರು ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ, ಆ ಮಿತಿ ತೆಗೆದದ್ದು 2001ರಲ್ಲಿ. ಇವಳಿಗೆ ಮುನ್ನೂರು ಆಯಿತು, ಎಂಟು ತಿಂಗಳು ಬಂತು. ಉಳಿದದ್ದನ್ನೆಲ್ಲ ನೋಡಿಕೊಂಡದ್ದು ಹತ್ತು ಮರ, ಪಕ್ಕದ ನನ್ನ ಹತ್ತು ಮರ. ಅದರಲ್ಲೇ ಹೊಲಿಗೆ ಕಲಿತಳು, ಅಂಗನವಾಡಿಗೆ ಸೇರಿದಳು. ಆ ಹೊಟ್ಟೆಯಲ್ಲಿದ್ದ ಮಗು ಇವತ್ತು ವಕೀಲೆ.

ದೆಹಲಿಯ ಸತ್ಯರಾಣಿ ಚಡ್ಡಾ ಅವರ ಹೆಸರು ಈ ಪತ್ರಿಕೆಯ ಓದುಗರಿಗೆ ಗೊತ್ತಿರುತ್ತದೆ. ಮದುವೆಯಾಗಿ ವರ್ಷ ತುಂಬುವ ಮೊದಲೇ, 1979ರಲ್ಲಿ, ಅವರ ಬಸುರಿ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಒಂದು ಸ್ಕೂಟರಿನ ಬೇಡಿಕೆ ಇತ್ತು. ಆ ತಾಯಿ ಬೀದಿಗಿಳಿದರು, ಶಹಜಹಾನ್ ಆಪಾ ಎಂಬ ಇನ್ನೊಬ್ಬ ತಾಯಿಯ ಜೊತೆಗೂಡಿ ನೊಂದ ಹೆಣ್ಣುಮಕ್ಕಳಿಗೆ ಶಕ್ತಿ ಶಾಲಿನಿ ಎಂಬ ಆಸರೆ ಕಟ್ಟಿದರು. ಅಂಥವರ ಹೋರಾಟದಿಂದಲೇ 1983ರಲ್ಲಿ 498ಎ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂದವು. ಅವರ ಮಗಳ ಮೊಕದ್ದಮೆಯಲ್ಲಿ ಶಿಕ್ಷೆಯಾದದ್ದು 2000ದಲ್ಲಿ, ಹೈಕೋರ್ಟು ಅದನ್ನು ಎತ್ತಿಹಿಡಿದದ್ದು 2013ರಲ್ಲಿ. ಮರುವರ್ಷ ಅವರು ತೀರಿಕೊಂಡರು. ಆ ಸುದ್ದಿಯನ್ನು ನಾನು ಅಕ್ಕನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, 'ಮೂವತ್ನಾಲ್ಕು ವರ್ಷ ಕೋರ್ಟಿನ ಮೆಟ್ಲು ಹತ್ತಿದ ಆ ಕಾಲಿಗೆ ನಮಸ್ಕಾರ ಕಣೇ. ನಾನು ಹತ್ತಿದ್ದು ಬಸ್ಸಿನ ಮೆಟ್ಲು ಅಷ್ಟೆ' ಎಂದಳು. ಈ ದೇಶದಲ್ಲಿ ಇವತ್ತಿಗೂ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಪೊಲೀಸರ ಲೆಕ್ಕಕ್ಕೆ ಬರುತ್ತಿವೆ. ಆ ಲೆಕ್ಕದಲ್ಲಿ ನಮ್ಮ ಹುಡುಗಿಯ ಹೆಸರು ಇಲ್ಲ.

ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಶುರುವಾಯಿತಲ್ಲ, ಮರುವರ್ಷ ಅಕ್ಕ ಸಂಘ ಕಟ್ಟಿದಳು. ಆ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವಳು ಹಾಕಿದ ಒಂದು ನಿಯಮವನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದರ ಮೇಲೆ ಈಗ ಮತ್ತೆ ಚರ್ಚೆ ಎದ್ದಿದೆ. ವರದಕ್ಷಿಣೆಗೆ ಸಂಘದಿಂದ ಸಾಲ ಇಲ್ಲ. ಮದುವೆ ಖರ್ಚು ಎಂದು ಬರೆದು ಕೇಳಿದರೂ, ಯಾವ ಖರ್ಚು, ಯಾರ ಕೈಗೆ ಎಂದು ಕೇಳುತ್ತಿದ್ದಳು. ಹೊಡೆತ ತಿಂದು ಬರುವ ಮಗಳಿಗೆ ಬಸ್ಸಿಗೆ, ಆಸ್ಪತ್ರೆಗೆ, ಬೇಕಾದರೆ ರಾತ್ರಿ ಕಾರಿಗೆ, ಸಭೆ ಸೇರಿಸದೆ, ಬಡ್ಡಿ ಇಲ್ಲದೆ ಅದೇ ದಿನ ಕೊಡಬೇಕು. ಈ ನಿಯಮದಿಂದ ಇಬ್ಬರು ಸಂಘ ಬಿಟ್ಟರು. ಅವರಲ್ಲಿ ಒಬ್ಬರು ಹೊರಗೆ ಮೀಟರ್ ಬಡ್ಡಿಗೆ ತಂದು ಮಗಳ ಮದುವೆ ಮಾಡಿದರು. ಅಕ್ಕನ ನಿಯಮದಿಂದಲೇ ಅವರು ಬಡ್ಡಿಯವರ ಕೈಗೆ ಬಿದ್ದರು ಎಂದು ಈಗಲೂ ಹೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೂ ನಾನು ಅಕ್ಕನ ಪಕ್ಷ. ಹತ್ತು ರೂಪಾಯಿ ಹತ್ತು ರೂಪಾಯಿ ಕೂಡಿಟ್ಟ ನಮ್ಮದೇ ದುಡ್ಡು ನಮ್ಮ ಮಕ್ಕಳನ್ನು ಮಾರಲು ಬಂಡವಾಳವಾಗಬಾರದು.

ಅವಳು ಗಮನಿಸಿದ್ದ ಇನ್ನೊಂದು ವಿಷಯವಿದೆ. 'ಕೊಬ್ಬರಿ ರೇಟು ಏರಿದ ವರ್ಷ ಚಪ್ಪರ ದೊಡ್ಡದಾಗ್ತವೆ, ಇಳಿದ ವರ್ಷ ಹೆಣ್ಣುಮಕ್ಕಳು ತವರಿಗೆ ಬರ್ತವೆ' ಎನ್ನುತ್ತಿದ್ದಳು. 2023ರಲ್ಲಿ ನೋಡಿದಿರಿ, ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸು. ಆ ವರ್ಷ ನಮ್ಮ ಸಂಘದ ತುರ್ತು ಸಾಲದ ಪುಟ ಭರ್ತಿಯಾಯಿತು. ರೈತರ ಹೋರಾಟದ ಪೆಂಡಾಲಿನಲ್ಲಿ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಅಕ್ಕ ಒಮ್ಮೆ ಮೈಕು ಕೇಳಿದಳು, ಕೊಡಲಿಲ್ಲ.

ಅವಳು ಸುಲಭದ ಹೆಂಗಸಾಗಿರಲಿಲ್ಲ. ಮಗನ ಮದುವೆಯನ್ನು ಒಂದು ಪೈಸೆ ತೆಗೆದುಕೊಳ್ಳದೆ ಮಾಡಿದಳು, ಸೊಸೆಯ ಹೆಸರಲ್ಲಿ ಮೊದಲ ತಿಂಗಳೇ ಪೋಸ್ಟಾಫೀಸಿನಲ್ಲಿ ಖಾತೆ ತೆರೆಸಿದಳು. ಅದೇ ಸೊಸೆಯನ್ನು ಕಾಫಿ ತೆಳುವಾಯಿತು, ಫೋನಿನಲ್ಲಿ ಮಾತು ಹೆಚ್ಚಾಯಿತು ಎಂದು ದಿನಾ ಅಂದಳು. ಸೊಸೆ ಇಲ್ಲಿ ಕೂತು ನಗುತ್ತಿದ್ದಾಳೆ, ಆಗ ನಗುತ್ತಿರಲಿಲ್ಲ. ಅತ್ತೆ ಎಂಬ ಪಟ್ಟ ನಮ್ಮಕ್ಕನನ್ನೂ ಬಿಡಲಿಲ್ಲ. ಚಿಕ್ಕ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಆರು ತಿಂಗಳು ಮಾತು ಬಿಟ್ಟಿದ್ದಳು. ಆರು ತಿಂಗಳಾದ ಮೇಲೆ ಕಿರ್ದಿ ಪುಸ್ತಕ ತೆಗೆದು, 'ಅವರು ಏನೂ ಕೇಳಿಲ್ಲ ತಾನೆ?' ಎಂದು ವಿಚಾರಿಸಿ, ಒಪ್ಪಿದಳು.

ಕಳೆದ ಕಾರ್ತೀಕದಲ್ಲಿ ಎದೆನೋವು ಬಂತು, ಮೂರು ದಿನ ಆಸ್ಪತ್ರೆ. ಎಪ್ಪತ್ತನಾಲ್ಕು ವಯಸ್ಸು. ಎರಡನೇ ದಿನ ಪ್ರಜ್ಞೆ ಚೆನ್ನಾಗಿತ್ತು. ನನ್ನನ್ನು ಹತ್ತಿರ ಕರೆದು, 'ನನ್ನನ್ನ ನನ್ನ ಎಂಟು ಗುಂಟೇಲಿ ಮಣ್ಣು ಮಾಡಿ' ಎಂದಳು. ಕೊಟ್ಟ ಹೆಣ್ಣಿನ ಹೆಣ ತವರಿನ ತೋಟಕ್ಕೆ ಬರುವುದೇ? ಗಂಡನ ಕಡೆಯವರು ಒಪ್ಪಲಿಲ್ಲ, ಚಿಕ್ಕಣ್ಣನೂ ಒಪ್ಪಲಿಲ್ಲ. ಅಕ್ಕನ ದೊಡ್ಡ ಮಗಳು ಪಹಣಿಯ ಪ್ರತಿ ತಂದು ಎಲ್ಲರ ಮುಂದೆ ಇಟ್ಟು, 'ಇದು ತವರಿನ ತೋಟ ಅಲ್ಲ, ಅವ್ವನ ತೋಟ' ಎಂದಳು. ಮೂರನೇ ಮರ ಮತ್ತು ನಾಲ್ಕನೇ ಮರದ ನಡುವೆ ಗುಂಡಿ ತೆಗೆದರು. ದೊಡ್ಡಣ್ಣ ಕೋಲೂರಿಕೊಂಡು ಬಂದು ಒಂದು ಹಿಡಿ ಮಣ್ಣು ಹಾಕಿದ.

ಕಾನೂನು ಅಕ್ಕನ ಕಾಲಕ್ಕಿಂತ ಈಗ ಬಹಳ ಮುಂದೆ ಬಂದಿದೆ. ನಮ್ಮ ಕರ್ನಾಟಕ 1994ರಲ್ಲಿ ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳು ಎಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿಯ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆದ ಭಾಗಗಳನ್ನು ಮಾತ್ರ ಮುಟ್ಟುವಂತಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ಅದರಲ್ಲಿ ಪೊಲೀಸರ ಬಳಿಗೇ ಹೋಗಬೇಕೆಂದಿಲ್ಲ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಗಂಡನ ಮನೆಯಿಂದ ಹೊರಹಾಕದಂತೆ ಆದೇಶ ತರಬಹುದು. 181ಕ್ಕೆ ಫೋನು ಮಾಡಬಹುದು. 498ಎ ಎಂಬ ಹೆಸರು 2024ರ ಜುಲೈ 1ರಿಂದ ಹೋಗಿದೆ, ಹೊಸ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಂ, ವರದಕ್ಷಿಣೆ ಸಾವು 80ನೇ ಕಲಂ. ಆ ಕಾನೂನೇ ರದ್ದಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಕಾಗದಗಳ ವಿಷಯ. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರೇ ಬಿಟ್ಟು ಬರೆಸುವುದು ಈಗಲೂ ನಡೆಯುತ್ತಿದೆ. ಹೋದ ತಿಂಗಳು ನಮ್ಮ ಸಂಘದ ಇಬ್ಬರಿಗೆ ಹಾಗಾಗಿದೆ. ಅವರು ಅಪ್ಪನಿಗೆ ಹುಟ್ಟೇ ಇಲ್ಲ, ಕಾಗದದ ಪ್ರಕಾರ. ಮುಂದಿನ ಮಂಗಳವಾರದ ಸಭೆಗೆ ನಿಮ್ಮ ತವರಿನ ಸರ್ವೆ ನಂಬರು, ಪಹಣಿ, ಸಿಕ್ಕರೆ ವಂಶವೃಕ್ಷದ ಪ್ರತಿ ತನ್ನಿ. ಅಕ್ಕನ ಮೊಮ್ಮಗಳು ಬೆಳಿಗ್ಗೆ ಹತ್ತರಿಂದ ಕೂತಿರುತ್ತಾಳೆ, ಒಂದೊಂದನ್ನೇ ಓದಿ ಹೇಳುತ್ತಾಳೆ. ಎಂಟು ಗುಂಟೆಗೆ ಮೂರೂ ಮಕ್ಕಳ ಹೆಸರಲ್ಲಿ ಪೌತಿ ಖಾತೆಗೆ ಅರ್ಜಿ ಕೊಟ್ಟಾಗಿದೆ. ಈ ವರ್ಷದ ಕಾಯಿ ಅಟ್ಟದಲ್ಲಿದೆ, ಅರ್ಧ ಬಿಟ್ಟಿವೆ, ಅರ್ಧ ಇನ್ನೂ ಬಿಟ್ಟಿಲ್ಲ. ಇಳಿಸಿದ ಮೇಲೆ ಅದರ ದುಡ್ಡು ಸಂಘದ ತುರ್ತು ಸಾಲದ ಪುಟಕ್ಕೆ ಎಂದು ಮಕ್ಕಳು ತೀರ್ಮಾನಿಸಿದ್ದಾರೆ. ಮಂಗಳವಾರದ ಕಾಫಿಯನ್ನು ಸಂಘದ ಲೆಕ್ಕದಲ್ಲಿ ಬರೆಯಬೇಡಿ, ನನ್ನ ಲೆಕ್ಕದಲ್ಲಿ ಬರೆಯಿರಿ.